ಗೇಟು ದಾಟಿಸುವ ರೇಡಿಯೇಟರ್

೧೯೯೯, ಫೆಬ್ರವರಿ ಕೊನೆಯ ಭಾನುವಾರ. ಬೆಳಗ್ಗೆ ಆರು ಗಂಟೆ. ಹಲಸೂರಿನ ನಮ್ಮ ಮನೆಯ ಮುಂದೆ ಕಾರಿನ ಬಳಿ ಹಾಜರಿದ್ದವರು: ನಾನು, ನನ್ನ ಹೆಂಡತಿ, ಅವಳ ಅಣ್ಣ. ಮಾಡಬೇಕಾದ ಕೆಲಸ ಒಂದೇ. ಕತ್ತಲಾಗುವುದರೊಳಗೆ ಕಾರಿಗೆ ಬೇರೆ ರೇಡಿಯೇಟರ್ ಆರಿಸಿ, ಕೂರಿಸಿ, ಕೆ.ಆರ್. ಪುರದ ರೈಲ್ವೆ ಗೇಟಿನವರೆಗೆ ಓಡಿಸಿ ನೋಡಬೇಕು. ಸೋಮವಾರ ಬೆಳಗ್ಗೆ ಕಾರು ಹೊತ್ತಿಗೆ ಸರಿಯಾಗಿ ಗೇಟು ದಾಟದಿದ್ದರೆ ನನ್ನ ಹೆಂಡತಿಯ ಏಳನೇ ತರಗತಿ ಅವಳ ಕೈತಪ್ಪಿ ಹೋಗುತ್ತದೆ.

ಅವಳು ಗೇಟಿನಾಚೆಯ ಒಂದು ಶಾಲೆಯಲ್ಲಿ ಕನ್ನಡದ ಮೇಡಂ. ಅಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳ ಮಕ್ಕಳೇ ಹೆಚ್ಚು. ಆ ವರ್ಷದ ಏಳನೆಯವರನ್ನು ಅವಳು ಐದನೇ ತರಗತಿಯಿಂದಲೂ ತಾನೇ ಕೈಹಿಡಿದು ಕರೆತಂದಿದ್ದಳು. ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ. ಉಳಿದ ವಿಷಯಗಳಲ್ಲಿ ಹೇಗೋ ಪಾರಾಗುವ ಮಕ್ಕಳು ಕನ್ನಡದಲ್ಲಿ ನಿಂತುಬಿಡುತ್ತಾರೆ ಎನ್ನುವುದು ಅವಳ ಚಿಂತೆ. ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಈ ಮಕ್ಕಳನ್ನು ದಡ ಮುಟ್ಟಿಸಿದರೆ ಸಾಕು, ಆಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತೇನೆ ಎಂದು ಅವಳು ಹೇಳುತ್ತಿದ್ದಳು.

ಅವಳ ಎರಡೂ ಮಂಡಿಗಳು ಮಡಚುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಆಟೋದಲ್ಲಿ ಕಾಲು ಚಾಚಲು ಜಾಗವಿಲ್ಲ. ಬೇರೆಯವರು ಗೇಟು ಬಿದ್ದಾಗ ಬಸ್ಸಿಳಿದು, ಹಳಿ ದಾಟಿ, ಆಚೆ ಬದಿಯಲ್ಲಿ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ಅವಳಿಂದ ಅದೂ ಆಗದು. ಒಬ್ಬ ಬಾಡಿಗೆ ಕಾರಿನವನನ್ನು ಗೊತ್ತುಮಾಡಿದ್ದೆ. ಗೇಟಿನ ಸಾಲನ್ನು ಒಂದು ವಾರ ನೋಡಿ ಆತ ಬರುವುದನ್ನೇ ನಿಲ್ಲಿಸಿದ. ಗೇಟಿನಾಚೆ ಯಾರ ಮನೆಯಲ್ಲಾದರೂ ಇದ್ದುಬಿಡು ಎಂದೆ. ನಮ್ಮ ಮನೆಯಲ್ಲಿ ಅವಳಿಗಾಗಿಯೇ ಎತ್ತರದ ಕಮೋಡು ಹಾಕಿಸಿದ್ದೆವು. ಬೇರೆಯವರ ಮನೆಯ ಬಚ್ಚಲಿನಲ್ಲಿ ನಾನೇನು ಮಾಡಲಿ ಎಂದು ಕೇಳಿದಳು. 

ಹಾಗಾಗಿ ಕಾರು. ಅದು ಅವಳ ಅಣ್ಣನದು. ಅವನನ್ನು ನಾನು ಭಾವ ಎನ್ನುತ್ತೇನೆ, ಅವನೂ ನನ್ನನ್ನು ಹಾಗೆಯೇ ಕರೆಯುತ್ತಾನೆ. ದೊಡ್ಡನೆಕ್ಕುಂದಿಯಲ್ಲಿ ಅವರ ಮನೆತನದ್ದು ಹಳೆಯ ರಾಗಿ ಹೊಲ. ಹೊಲ ಹೋಗಿ ಶೆಡ್ಡುಗಳು ಬಂದವು, ಸೈಟುಗಳಾದವು. ಉಳಿದದ್ದು ಮನೆ, ಮನೆಯ ಹಿಂದಿನ ಬೋರ್‌ವೆಲ್, ಮತ್ತು ಭಾವ ಒಳ್ಳೆಯ ದಿನಗಳಲ್ಲಿ ಕೊಂಡ ಈ ದೊಡ್ಡ ಹಳೆಯ ಕಾರು. ತಂಗಿಯ ಮಂಡಿ ಕೆಟ್ಟಾಗ ಅದನ್ನು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ, ಬೀಗದ ಕೈ ನನ್ನ ಕೈಗೆ ಕೊಟ್ಟು, ತಾನು ಬಸ್ಸಿನಲ್ಲಿ ಹೋಗಿದ್ದ.

ಅವರ ಮನೆಯಲ್ಲಿ ಒಂದು ಪದ್ಧತಿಯಿದೆ. ಶುಕ್ರವಾರ ಬೆಳಗ್ಗೆ ಮನೆಯ ನೀರೆಲ್ಲ ಹೊಸದಾಗಬೇಕು. ಕೊಡ, ಬಿಂದಿಗೆ, ಹಂಡೆ, ದನದ ತೊಟ್ಟಿ, ಎಲ್ಲವನ್ನೂ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬಿ ಕುಂಕುಮ ಇಡುತ್ತಾರೆ. ಟ್ರ್ಯಾಕ್ಟರ್ ಬಂದಾಗ ಅದೂ ಈ ಸಾಲಿಗೆ ಸೇರಿತು. ಕಾರು ಬಂದಾಗ ಕಾರೂ ಸೇರಿತು. ಗಾಡಿಯ ಹೊಟ್ಟೆಯಲ್ಲಿ ಹಳಸಲು ನೀರು ಇರಬಾರದು ಎನ್ನುವುದು ಭಾವನ ಮಾತು. ಪ್ರತಿ ಶುಕ್ರವಾರ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿ, ನೀರು ಬಸಿದು, ಬೋರ್‌ವೆಲ್ಲಿನ ಹೊಸ ನೀರು ತುಂಬುತ್ತಿದ್ದ. ಕಾರು ನಮ್ಮ ಮನೆಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಶುಕ್ರವಾರ ಬೆಳಗ್ಗೆ ಅವನೇ ಕ್ಯಾನಿನಲ್ಲಿ ನೀರು ಹೊತ್ತು ಹಲಸೂರಿಗೆ ಬರುತ್ತಿದ್ದ. ನಮ್ಮ ನಲ್ಲಿಯಲ್ಲಿ ಕಾವೇರಿ ನೀರಿದೆಯಲ್ಲ ಎಂದರೆ, ಅದು ನಿಮ್ಮ ಕಾಫಿಗೆ ಇರಲಿ, ಈ ಗಾಡಿ ಬೆಳೆದದ್ದು ನಮ್ಮ ನೆಲದ ನೀರು ಕುಡಿದು ಎನ್ನುತ್ತಿದ್ದ. ನೀರು ಹಾಕಿ, ತಂಗಿಯ ಕೈಯಿಂದ ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ. ಅವಳಿಗೆ ಅಣ್ಣ ಬರುವುದು ಬೇಕಿತ್ತು. ನನಗೆ ದಿನ ತಪ್ಪದೆ ನಡೆಯುವ ಯಾವ ಕೆಲಸವೂ ಇಷ್ಟ. ದಂಡಿನ ಒಂದು ಉಗ್ರಾಣದಲ್ಲಿ ಕಾಲ ಕಳೆದವನು ನಾನು. ಅಲ್ಲಿ ಎಣ್ಣೆ ಹಾಕುವ ದಿನ ಎಣ್ಣೆ, ಧೂಳು ಹೊಡೆಯುವ ದಿನ ಧೂಳು. ಅದಕ್ಕೆ ಕಾರಣ ಕೇಳುವ ಅಭ್ಯಾಸ ಇರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಾರು ಕುದಿಯತೊಡಗಿತು. ಇಂದಿರಾನಗರದವರೆಗೆ ಸರಿಯಾಗಿರುತ್ತಿತ್ತು. ಹಳೆ ಮದ್ರಾಸು ರಸ್ತೆಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಲು ಶುರುವಾಗುತ್ತಿತ್ತು. ಗೇಟಿನ ಸಾಲಿನಲ್ಲಿ ಹಬೆ. ಎಂಜಿನ್ ಆರಿಸಿ ನಿಲ್ಲಲು ಆಗದು. ಸಾಲು ಒಂದೊಂದು ಮಾರು ಮುಂದೆ ಸರಿಯುತ್ತಲೇ ಇರುತ್ತದೆ, ಸರಿಯದಿದ್ದರೆ ಹಿಂದಿನ ಲಾರಿಯವನು ಬಿಡುವುದಿಲ್ಲ. ಬೇಗ ಹೊರಟು ನೋಡಿದೆವು. ಬೇಗ ಹೊರಟರೆ ಬೇಗ ಕುದಿಯಿತು, ಅಷ್ಟೇ. ಅವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಗಡಿಯಾರ ನೋಡುತ್ತ ಕೂತಿರುತ್ತಿದ್ದಳು. ಅವಳ ಮೊದಲ ಪೀರಿಯಡ್ ಅಲ್ಲೇ ಮುಗಿದು ಹೋಗುತ್ತಿತ್ತು.

ಶುಕ್ರವಾರ ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆದು, ಮರ್ಯಾದೆಯಿಂದಲೇ, ಇನ್ನೊಂದು ದಿನ ತಡವಾದರೆ ಏಳನೆಯದನ್ನು ಬೇರೆಯವರಿಗೆ ವಹಿಸುವುದಾಗಿ ಹೇಳಿದ್ದರು. ಪರೀಕ್ಷೆಯ ಕಾಲವಾದ್ದರಿಂದ ಏಳನೆಯದರ ಕನ್ನಡವೆಲ್ಲ ಬೆಳಗಿನ ಮೊದಲ ಹೊತ್ತಿಗೇ ಇತ್ತು. ಅವರದು ತಪ್ಪೆಂದು ನಾನು ಹೇಳಲಾರೆ. ಮಕ್ಕಳು ಖಾಲಿ ಕೂರಬಾರದು.

ಶನಿವಾರ ಶಾಲೆಗೆ ರಜೆಯಿದ್ದರೂ ಭಾವನಿಗೆ ಬಿಡುವಿರಲಿಲ್ಲ. ಭಾನುವಾರವೇ ಆಗಬೇಕಿತ್ತು. ಶಿವಾಜಿನಗರದಲ್ಲಿ ಮೋಟಾರು ಸಾಮಾನಿನ ಆ ಗಲ್ಲಿ ಶುಕ್ರವಾರ ಮುಚ್ಚಿ ಭಾನುವಾರ ತೆರೆದಿರುತ್ತದೆ. ತಣ್ಣಗಿನ ಹೊತ್ತಿನಲ್ಲಿ ಹೊರಟು, ದಾರಿಯಲ್ಲೇ ಇಡ್ಲಿ ತಿಂದು, ಅಂಗಡಿ ತೆರೆಯುವುದಕ್ಕೆ ಮೊದಲೇ ಅಲ್ಲಿದ್ದೆವು. ಅವಳನ್ನು ಮನೆಯಲ್ಲಿರು ಎಂದಿದ್ದೆ. ನನ್ನ ಕ್ಲಾಸಿನ ವಿಷಯ, ನಾನು ಬರುತ್ತೇನೆ ಎಂದಳು. ಭಾವ ಡಿಕ್ಕಿಯಲ್ಲಿ ತನ್ನ ನೀರಿನ ಕ್ಯಾನು ಇಟ್ಟುಕೊಂಡಿದ್ದ. ಹೊಸ ರೇಡಿಯೇಟರಿಗೆ ಮೊದಲ ನೀರು ತನ್ನದೇ ಆಗಬೇಕು ಎಂದು.

ಆ ಗಲ್ಲಿಯ ಕೆಲಸದ ರೀತಿಯನ್ನು ಹೇಳಬೇಕು. ರೇಡಿಯೇಟರಿನವನು ರೇಡಿಯೇಟರ್ ಮಾತ್ರ ಮುಟ್ಟುತ್ತಾನೆ. ಕಾರ್ಬುರೇಟರಿನವನು ಪಕ್ಕದ ಬಾಗಿಲು. ಡೈನಮೊ, ಸ್ಪ್ರಿಂಗ್ ಪಟ್ಟಿ, ಸೈಲೆನ್ಸರ್, ಒಂದೊಂದಕ್ಕೂ ಒಬ್ಬೊಬ್ಬ. ತನ್ನದಲ್ಲದ ಭಾಗದ ಬಗ್ಗೆ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಇನ್ನೊಬ್ಬನ ಅನ್ನಕ್ಕೆ ಕೈಹಾಕಬಾರದು ಎನ್ನುವ ಮರ್ಯಾದೆ ಅದು. ಇಡೀ ಕಾರಿನ ಬಗ್ಗೆ ಮಾತಾಡುವವರು ಆ ಗಲ್ಲಿಯಲ್ಲಿ ಯಾರೂ ಇಲ್ಲ.

ರೇಡಿಯೇಟರಿನ ಅಂಗಡಿಯವನು ನನ್ನಷ್ಟೇ ವಯಸ್ಸಿನವನು. ಹಳೆಯದನ್ನು ಇಳಿಸಿ, ಮೇಲಿನ ತೊಟ್ಟಿಯ ಬೆಸುಗೆ ಕಾಯಿಸಿ ಬಿಚ್ಚಿದ. ಒಳಗೆ ನೋಡಿ ನಮ್ಮ ಮುಖ ನೋಡಿದ.

"ಕ್ಯಾ ಸಾಬ್, ಇದನ್ನ ರೇಡಿಯೇಟರ್ ಅಂತೀರಾ? ಸುಣ್ಣದ ಗೂಡು ಇದು. ಮನೆಗೆ ಬಳಿಯೋಕೆ ಇಟ್ಕೊಂಡಿದ್ರಾ?"

ನೀರು ಹರಿಯಬೇಕಾದ ಚಪ್ಪಟೆ ಕೊಳವೆಗಳ ಬಾಯಿ ಬಿಳಿಯಾಗಿ ಕಟ್ಟಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುತ್ತಿತ್ತು. ಅದೇನೆಂದು ನಮಗಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಸ್ನಾನದ ಹಂಡೆಯ ತಳದಲ್ಲಿ ವರ್ಷಕ್ಕೊಮ್ಮೆ ಉಳಿಯಿಂದ ಎಬ್ಬಿಸುವುದು ಇದನ್ನೇ. ಬೋರ್‌ವೆಲ್ಲಿನ ನೀರು ಕಾದಾಗಲೆಲ್ಲ ತನ್ನ ಸುಣ್ಣವನ್ನು ಬಿಟ್ಟು ಹೋಗುತ್ತದೆ. ಒಂದೇ ನೀರು ಉಳಿದಿದ್ದರೆ ಒಂದು ಸಲದ ಸುಣ್ಣ. ವಾರ ವಾರವೂ ಹೊಸ ನೀರೆಂದರೆ ವಾರ ವಾರವೂ ಹೊಸ ಸುಣ್ಣ. ಭಾವ ಬಗ್ಗಿ ನೋಡಿದ. ಬೆರಳಿನಲ್ಲಿ ಒಂದು ಹಕ್ಕಳೆ ತೆಗೆದುಕೊಂಡು ಉಜ್ಜಿದ. 

ನಮ್ಮ ಮುಂದೆ ಮೂರು ದಾರಿಗಳಿದ್ದವು. ಹಳೆಯದಕ್ಕೇ ಸಲಾಕಿ ಹಾಕಿ ತೂತು ಬಿಡಿಸುವುದು. ಹೊಸ ಮಾದರಿಯದು, ಅಲ್ಯುಮಿನಿಯಂ ಮೈ, ಪ್ಲಾಸ್ಟಿಕ್ ತೊಟ್ಟಿ, ಕೈಯಲ್ಲಿ ಎತ್ತಿದರೆ ಹಗುರ. ಮೂರನೆಯದು ಒಂದು ದೊಡ್ಡ ವ್ಯಾನಿನಿಂದ ಇಳಿಸಿದ ತಾಮ್ರದ ರೇಡಿಯೇಟರ್, ಹಿತ್ತಾಳೆಯ ತೊಟ್ಟಿ, ನಮ್ಮದಕ್ಕಿಂತ ಒಂದು ಸಾಲು ಹೆಚ್ಚು ಕೊಳವೆ. ಹೆಂಡತಿ ಕಾರಿನ ಕಿಟಕಿಯಿಂದಲೇ, ಯಾವುದು ಕೈಕೊಡುವುದಿಲ್ಲವೋ ಅದನ್ನು ತೆಗೆದುಕೊಳ್ಳಿ ಎಂದಳು. ಅಂಗಡಿಯವನಿಗೆ ಆ ಮಾತು ಕೇಳಿಸಿ ನಗು ಬಂತು. ಕೈಕೊಡದ್ದು ಅಂತ ಇದ್ದರೆ ನಾನು ಅಂಗಡಿ ಇಡುತ್ತಿರಲಿಲ್ಲ ಎಂದ.

ಉಗ್ರಾಣದಲ್ಲಿ ನಾನು ಕಲಿತ ಕ್ರಮ ಇದು: ಸಾಮಾನು ಆರಿಸುವಾಗ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕೇಳುವ ಮೊದಲು, ಕೆಟ್ಟ ದಿನ ಅದನ್ನು ಯಾರು ಸರಿಮಾಡುತ್ತಾರೆ ಎಂದು ಕೇಳಬೇಕು. ಪ್ಲಾಸ್ಟಿಕ್ ತೊಟ್ಟಿ ಬಿರಿದರೆ ಎಸೆಯಬೇಕು. ತಾಮ್ರವನ್ನು ಹಲಸೂರಿನ ಯಾವ ಬೆಸುಗೆಯವನೂ ಬೆಸೆಯುತ್ತಾನೆ. ಸಲಾಕಿ ಹಾಕಿದ ಹಳೆಯದನ್ನು ನಂಬುವ ಪ್ರಶ್ನೆಯೇ ಇಲ್ಲ. ತಾಮ್ರದ್ದನ್ನು ಆರಿಸಿದೆ. ಅಂಗಡಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹಾಕಿಸಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಎಲ್ಲ ಕೊಳವೆಗಳಲ್ಲೂ ನೀರು ಹರಿಸಿ ನೋಡಿದೆ. ರಬ್ಬರಿನ ಮೇಲಿನ ಪೈಪು, ಕೆಳಗಿನ ಪೈಪು, ಒತ್ತಡದ ಮುಚ್ಚಳ, ಎಲ್ಲ ಹೊಸದು. ಗೇಟಿನಲ್ಲಿ ನಿಂತಾಗ ಗಾಳಿ ಸಾಲದೆಂದು, ಸ್ವಿಚ್ಚು ಹಾಕಿದರೆ ತಿರುಗುವ ಒಂದು ಕರೆಂಟಿನ ಫ್ಯಾನನ್ನೂ ಮುಂದೆ ಕೂರಿಸಿದೆವು. ಆ ಫ್ಯಾನಿಗೆ ಪಕ್ಕದ ಅಂಗಡಿಯವನನ್ನು ಕರೆಯಬೇಕಾಯಿತು.

ಎಂಜಿನ್ನಿನ ಒಳಗೂ ಇದೇ ನೀರು ತಾನೇ ಹರಿದದ್ದು, ಅಲ್ಲಿ ಹೇಗಿರಬಹುದು ಎಂದು ನಾನು ಕೇಳಿದೆ.

"ಎಂಜಿನ್ ನಂದಲ್ಲ ಸಾಬ್. ನಂದು ಇಲ್ಲಿಂದ ಇಲ್ಲಿ ತನಕ," ಎಂದು ಅವನು ಮೇಲಿನ ಪೈಪಿಗೂ ಕೆಳಗಿನ ಪೈಪಿಗೂ ಕೈ ತೋರಿಸಿದ.

ನೀರು ತುಂಬುವ ಹೊತ್ತಿಗೆ ಭಾವ ಕ್ಯಾನು ಹಿಡಿದು ಬಂದು ನಿಂತಿದ್ದ. ಅಂಗಡಿಯವನು ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಡಬ್ಬಗಳನ್ನೂ ಹಸಿರು ಬಣ್ಣದ ಕೂಲೆಂಟ್ ಬಾಟಲಿಯನ್ನೂ ತಂದ. ಇನ್ನು ಮೇಲೆ ಇದೇ, ಬೇರೆ ಏನೂ ಬೇಡ ಎಂದ. ಭಾವ ಆ ಹಸಿರು ಬಾಟಲಿಯನ್ನು ನೋಡಿದ. ಬೇರೆ ದಿನವಾಗಿದ್ದರೆ, ಗಾಡಿಗೆ ಷರಬತ್ತು ಕುಡಿಸುತ್ತೀರಾ ಎಂದು ಅವನು ರೇಗಿಸದೆ ಬಿಡುತ್ತಿರಲಿಲ್ಲ. ಕ್ಯಾನನ್ನು ಎತ್ತಿಕೊಂಡು ಹೋಗಿ ಡಿಕ್ಕಿಯಲ್ಲಿಟ್ಟು ಬಂದ. ನನ್ನ ಹೆಂಡತಿ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಳು.

ಹೊರಡುವಾಗ ಬಿಸಿಲು ಏರಿತ್ತು. ಅದೇ ಬೇಕಿತ್ತು ನನಗೆ. ತಣ್ಣಗಿನ ಹೊತ್ತಿನ ಪರೀಕ್ಷೆ ಪರೀಕ್ಷೆಯಲ್ಲ. ಹಲಸೂರಿನ ಕೆರೆ ಬದಿಯಲ್ಲಿ ಮುಳ್ಳು ನಡುವಿಗೆ ಬಂದು ನಿಂತಿತು. ಇಂದಿರಾನಗರ ದಾಟಿದೆವು, ಅಲ್ಲೇ ಇತ್ತು. ಹಳೆ ಮದ್ರಾಸು ರಸ್ತೆಯಲ್ಲಿ ಹೋಗುತ್ತಿದ್ದಾಗಲೂ ಕದಲಲಿಲ್ಲ. ಭಾವನಿಗೆ ಮಾತು ಮರಳಿತು. ಈ ರೇಡಿಯೇಟರ್ ಹಾಕಿದರೆ ಲಾರಿಯೂ ತಣ್ಣಗಾಗುತ್ತದೆ, ಇನ್ನು ತಂಗಿಯೇ ಎಲ್ಲರಿಗಿಂತ ಮೊದಲು ಹೋಗಿ ಶಾಲೆಯ ಕಾವಲುಗಾರನನ್ನು ಎಬ್ಬಿಸಬೇಕು ಎಂದ. ಹಿಂದಿನ ಸೀಟಿನಿಂದ ಅವಳು ಸೋಮವಾರ ಯಾವ ಪಾಠ ಎತ್ತಿಕೊಳ್ಳಬೇಕೆಂದು ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಗೇಟು ಬಿದ್ದಿತ್ತು. ಭಾನುವಾರವಾದ್ದರಿಂದ ಸಾಲು ಅರ್ಧವೂ ಇರಲಿಲ್ಲ. ಒಂದು ಗೂಡ್ಸ್ ಗಾಡಿ ಹೋಯಿತು. ಗೇಟು ತೆರೆಯಲಿಲ್ಲ, ಇನ್ನೊಂದಕ್ಕೆ ಕಾಯುತ್ತಿದ್ದರು. ಆದರೂ ಮುಂದಿನವರು ಸಂದಿಗಳಲ್ಲಿ ನುಗ್ಗಿದಂತೆ ಸಾಲು ಸರಿಯಿತು, ನಿಂತಿತು, ಸರಿಯಿತು. ಫ್ಯಾನಿನ ಸ್ವಿಚ್ಚು ಹಾಕಿದೆ. ಮುಳ್ಳು ನಡುವನ್ನು ಬಿಟ್ಟಿತು.  ಅದು ಕೆಂಪು ಗೆರೆಯನ್ನು ಮುಟ್ಟಿದಾಗ ರಸ್ತೆ ಬಿಟ್ಟು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಬಾನೆಟ್ಟಿನ ಸಂದಿಯಿಂದ ಹಬೆ ಬಂತು.

ಬಾನೆಟ್ಟು ಎತ್ತಿದೆ. ಮೇಲಿನ ಪೈಪು ಮುಟ್ಟುವಂತಿರಲಿಲ್ಲ. ಕೆಳಗಿನ ಪೈಪನ್ನು ಮುಟ್ಟಿದೆ, ತಣ್ಣಗಿತ್ತು. ರೇಡಿಯೇಟರಿನ ಮೈ ಕೆಳಗೆಲ್ಲ ತಣ್ಣಗಿತ್ತು. ಎಂಜಿನ್ ಕುದಿಯುತ್ತಿದೆ, ಅದನ್ನು ತಣಿಸಬೇಕಾದದ್ದು ಪಕ್ಕದಲ್ಲೇ ತಣ್ಣಗೆ ನಿಂತಿದೆ. ಎಂಜಿನ್ನಿನ ಒಳಗಿನ ದಾರಿಗಳೇ ಮುಚ್ಚಿವೆ, ನೀರು ಸುತ್ತಿ ಬರುತ್ತಿಲ್ಲ ಎಂಬುದು ಆಗ ಕೈಗೇ ತಿಳಿಯಿತು. ನಾನು ಆರಿಸಿದ ರೇಡಿಯೇಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೂ ಮಿಗಿಲಾದದ್ದನ್ನು ಆರಿಸಿದ್ದರೂ ಅಷ್ಟೇ ಆಗುತ್ತಿತ್ತು.

ಭಾವನಿಗೆ ಪೈಪು ಮುಟ್ಟಿ ನೋಡು ಎಂದೆ. ಎರಡನ್ನೂ ಮುಟ್ಟಿದ. ಅವನಿಗೂ ತಿಳಿಯಿತು. ಕಿಟಕಿಯ ಬಳಿ ಹೋಗಿ ತಂಗಿಯ ಮುಂದೆ ನಿಂತ.

"ನಾನೇ ಹಾಳ್ಮಾಡಿದ್ನೇನಮ್ಮ?"

"ಹಳೇ ಗಾಡಿ ಅಣ್ಣ. ಯಾವತ್ತೋ ಒಂದಿನ ನಿಲ್ಲೋದೇ."

"ಒಂದು ಶುಕ್ರವಾರಾನೂ ತಪ್ಪಿಸ್ಲಿಲ್ಲ ಕಣಮ್ಮ ನಾನು."

"ಗೊತ್ತು. ನೀನು ಬಂದು ಒಳಗೆ ಕೂತ್ಕೋ, ಬಿಸಿಲಿದೆ."

ಅವನು ಕೂರಲಿಲ್ಲ. ಹಬೆ ಅಡಗಿ ಎಂಜಿನ್ ಆರುವವರೆಗೂ ರಸ್ತೆ ಬದಿಯಲ್ಲೇ ನಿಂತಿದ್ದ. ಬಿಸಿ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಒಡೆಯುತ್ತದೆ. ಹಾಗಾಗಿ ಕಾದೆವು. ಆಮೇಲೆ ತುಂಬಲು ನಮ್ಮ ಬಳಿ ಇದ್ದದ್ದು ಅವನ ಕ್ಯಾನಿನ ನೀರೊಂದೇ. ಹಸಿರು ನೀರೆಲ್ಲ ರಸ್ತೆಗೆ ಹೋಗಿತ್ತು. ಕ್ಯಾನು ತರಲು ನಾನೇ ಹೇಳಬೇಕಾಯಿತು. ಅವನು ತಂದು ನನ್ನ ಕೈಗೆ ಕೊಟ್ಟ. ತಾನು ಹೊಯ್ಯಲಿಲ್ಲ.

ಗೇಟಿನ ಈಚೆಯಿಂದಲೇ ತಿರುಗಿದೆವು. ಎರಡು ಕಡೆ ನಿಲ್ಲಿಸಿ, ಆರಿಸಿ, ಹಲಸೂರು ಸೇರುವಾಗ ಮೂರು ಗಂಟೆ. ಮನೆಗೆ ಹೋಗದೆ ನೇರ ನಮ್ಮ ಮೆಕ್ಯಾನಿಕ್ಕನ ಗ್ಯಾರೇಜಿಗೆ ಹೋದೆ. ಭಾನುವಾರ ರಜೆ. ಆತ ಹಿಂದಿನ ಮನೆಯಿಂದ ಬನಿಯನ್ನಿನಲ್ಲೇ ಎದ್ದು ಬಂದ. ಎಂಜಿನ್ನಿನ ಪಕ್ಕದಲ್ಲಿ, ಒಳಗಿನ ನೀರಿನ ದಾರಿ ಮುಚ್ಚುವ, ದುಂಡನೆಯ ತಗಡಿನ ಬಿರಡೆಗಳಿರುತ್ತವೆ. ಅದರಲ್ಲಿ ಒಂದನ್ನು ಹೊಡೆದು ತೆಗೆದ. ನೀರು ಸುರಿಯಬೇಕಿತ್ತು, ತೊಟ್ಟಿಕ್ಕಿತು. ತೂತಿನ ತುಂಬ ಬಿಳಿಯ ಗಟ್ಟಿ. ಕಂಬಿಯಿಂದ ಒತ್ತಿದ, ಹೋಗಲಿಲ್ಲ. ಆಸಿಡ್ ಹಾಕಿ ಕರಗಿಸಲು ಆಗುವುದಿಲ್ಲವೇ ಎಂದು ಕೇಳಿದೆ.

"ಒಳಗಿನ ಕಬ್ಬಿಣ ತಿಂದ್ಹೋಗಿದೆ ಸಾರ್. ಆ ಸುಣ್ಣಾನೇ ಈಗ ಗೋಡೆ. ಅದನ್ನ ಕರಗಿಸಿದ್ರೆ ನೀರು ನೇರ ಆಯಿಲ್‌ಗೆ ಬರುತ್ತೆ."

ಬೇರೆ ಎಂಜಿನ್ ಹಾಕಬಹುದು ಎಂದ. ಈ ಮಾದರಿಯದು ಈಗ ಸುಲಭವಾಗಿ ಸಿಗುವುದಿಲ್ಲ, ಹೇಳಿ ಇಡಬೇಕು, ಸಿಕ್ಕ ಮೇಲೆ ಬಿಚ್ಚಿ ಕೂರಿಸಲು ದಿನ ಹಿಡಿಯುತ್ತದೆ ಎಂದ. ಎಷ್ಟು ದಿನ ಎಂದು ಕೇಳಿದೆ. ಮೇ ತಿಂಗಳ ಹೊತ್ತಿಗೆ ನೋಡೋಣ ಎಂದ. ಪರೀಕ್ಷೆ ಏಪ್ರಿಲ್‌ನಲ್ಲಿ. ನನ್ನ ಹೆಂಡತಿ ಕಾರಿನಲ್ಲೇ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಬಿರಡೆ ಹಾಕಿಸಿಕೊಂಡು ಬನ್ನಿ, ಹೋಗೋಣ ಎಂದಳು.

ಮನೆಗೆ ಬಂದ ಮೇಲೆ ಭಾವ ಇನ್ನೊಂದು ಮಾತು ಎತ್ತಿದ. ಯಾರದಾದರೂ ಟೆಂಪೋ ಕೇಳುತ್ತೇನೆ, ಹಿಂದುಗಡೆ ಕುರ್ಚಿ ಹಾಕಿ ಕಟ್ಟಿದರೆ ತಂಗಿ ಕಾಲು ಚಾಚಿ ಕೂರಬಹುದು ಎಂದ. ಅವನು ನಿಜವಾಗಿಯೇ ಹೇಳುತ್ತಿದ್ದ. ಅವಳು ನಕ್ಕಳು. ಗಣಪತಿ ಮೆರವಣಿಗೆ ಹೊರಟಂತೆ ಮೇಡಂ ಬರುತ್ತಿದ್ದಾರೆ ಎಂದು ಮಕ್ಕಳು ಪಾಠ ಬಿಟ್ಟು ನೋಡಲು ಬರುತ್ತಾರೆ ಎಂದಳು. ಅವನಿಗೂ ನಗು ಬಂತು, ತಡೆಯಲಿಲ್ಲ. ಊಟ ಹಾಕಿದಳು. ಉಂಡು, ಖಾಲಿ ಕ್ಯಾನು ತೆಗೆದುಕೊಂಡು ಬಸ್‌ಸ್ಟಾಪಿಗೆ ಹೊರಟ. ಶುಕ್ರವಾರ ಬರುತ್ತೀಯಾ ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು. ಯಾಕೆ ಬರಲಿ ಎಂದು ಅವನು ಕೇಳಲಿಲ್ಲ. ನೋಡೋಣ ಎಂದು ಹೋದ.

ಐದು ಗಂಟೆಗೆ ಅವಳು ಮುಖ್ಯೋಪಾಧ್ಯಾಯಿನಿಗೆ ಫೋನು ಮಾಡಿದಳು. ನಾನು ಅಂಗಳದಲ್ಲಿ ಕಾರು ಒರೆಸುತ್ತಿದ್ದೆ, ಪೂರ್ತಿ ಕೇಳಿಸಲಿಲ್ಲ. ತಾನಾಗಿಯೇ ಬಿಟ್ಟುಕೊಡುತ್ತಿದ್ದೇನೆ, ಸೋಮವಾರದಿಂದಲೇ ಬೇರೆಯವರು ತೆಗೆದುಕೊಳ್ಳಲಿ, ಮಧ್ಯೆ ಒಂದು ದಿನವೂ ಖಾಲಿ ಹೋಗುವುದು ಬೇಡ ಎಂದಳು. ಮಧ್ಯಾಹ್ನದ ತನ್ನ ಮೂರನೇ ತರಗತಿಗೂ ಬರುವುದಿಲ್ಲ ಎಂದಳು. ಅಷ್ಟು ದೂರದ ಮಾತು ನಾವು ಆಡಿಯೇ ಇರಲಿಲ್ಲ. ಫೋನಿಟ್ಟು ಬಂದು, ನಿಮ್ಮನ್ನು ದಿನಾ ಅಲ್ಲಿಗೆ ಎಳೆದುಕೊಂಡು ಹೋಗಿ ಮೂರನೆಯವರಿಗೆ ಅಕ್ಷರ ತಿದ್ದಿಸಲು ನನ್ನಿಂದಾಗದು ಎಂದಳು. ಕಾರಿಲ್ಲದೆ ಅದೂ ಹೇಗಾಗುತ್ತಿತ್ತು ಎಂದು ನಾನು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಏಳನೆಯದಕ್ಕೆ ಬರಲಿರುವ ಟೀಚರು ನಮ್ಮ ಹಿಂದಿನ ಬೀದಿಯಲ್ಲೇ ಇದ್ದವರು, ಚಿಕ್ಕ ವಯಸ್ಸಿನವರು. ಗೇಟು ಬಿದ್ದರೆ ಇಳಿದು, ಹಳಿ ದಾಟಿ ನಡೆಯಬಲ್ಲವರು. ತಿದ್ದಿ ಮುಗಿಸಿದ ನಿಬಂಧದ ಪುಸ್ತಕಗಳನ್ನೂ ವ್ಯಾಕರಣದ ತನ್ನ ಚಾರ್ಟುಗಳನ್ನೂ ಅವಳು ಕಟ್ಟು ಮಾಡಿ ಕೊಟ್ಟಳು. ದೀಪ ಹಚ್ಚುವ ಹೊತ್ತಿಗೆ ಅದನ್ನು ಅವರಿಗೆ ತಲುಪಿಸಿದೆ. ಅವರು ಮೇಡಂಗೆ ಹೇಗಿದೆ ಎಂದು ಕೇಳಿದರು, ಚೆನ್ನಾಗಿದ್ದಾಳೆ ಎಂದೆ. ಕ್ಲಾಸಿನ ಬಗ್ಗೆ ನನಗೆ ತಿಳಿಸಲು ಏನಾದರೂ ಹೇಳಿದರಾ ಎಂದು ಕೇಳಿದರು. ಏನೂ ಹೇಳಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದು ಮನೆಗೆ ಬಂದೆ.

ಅವಳು ಮಂಡಿಗೆ ಎಣ್ಣೆ ತೀಡಿಕೊಳ್ಳುತ್ತ ಕೂತಿದ್ದಳು. ಕೇಳಿದೆ. ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟಳು.

"ಮೂರನೇ ಬೆಂಚಲ್ಲಿ ಗೋಡೆ ಪಕ್ಕ ಒಂದು ಹುಡುಗಿ ಕೂರ್ತಾಳೆ. ಅವಳನ್ನ ನಿಲ್ಸಿ ಓದಿಸ್ಬೇಡಿ ಅಂತ ಹೇಳಿ. ನಿಂತ್ರೆ ತೊದಲ್ತಾಳೆ. ಕೂತ್ಕೊಂಡು ಓದೋಕೆ ಬಿಟ್ರೆ ಚೆನ್ನಾಗಿ ಓದ್ತಾಳೆ."

ಮತ್ತೆ ಚಪ್ಪಲಿ ಮೆಟ್ಟಿ ಹಿಂದಿನ ಬೀದಿಗೆ ಹೋಗಿ, ಒಂದು ಮಾತೂ ಬಿಡದೆ ಅದನ್ನು ಹೇಳಿ ಬಂದೆ. ಆ ದಿನದ ಕೊನೆಯ ಕೆಲಸ ಅದು.